ಮಾಸ್ತರ್ ಸೀಟು, ಡಾಲ್ಫಿನ್ ಸೀಟಿ

ಬಸ್ಸಿನ್ಯಾಗ ನಗಿ ಹುಡುಕಬೇಕಿಲ್ರಿ. ಅದ ನಮಗಿಂತ ಮೊದಲ ಹತ್ತಿ ಕುಂತಿರತೈತಿ, ಟಿಕೆಟ್ ಸುದ್ದಾ ತಗೊಳ್ಳಂಗಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ರೂಟಿನ್ಯಾಗ ನಾ ಕಂಡಕ್ಟರ್ ಆಗಿ ಭಾಳ ವರ್ಷ ಆತು. ಗಂಡ-ಹೆಂಡ್ತಿ ಜಗಳ ಬಿಡಿಸೀನಿ, ಟಗರಿಗೆ ಟಿಕೆಟ್ ಹರದೀನಿ, ಕುಡದವರನ್ನ ರಟ್ಟಿ ಹಿಡದು ಇಳಿಸೀನಿ. ಮಂದಿ ಮ್ಯಾಲೆ ನಕ್ಕೊಂತ ಇದ್ದಾಕಿ ನಾ. ಈ ವರ್ಷ ಮಂದಿ ನನ್ನ ಮ್ಯಾಲೆ ನಗೋ ಪಾಳಿ ಬಂತು. ಯಾಕಂದ್ರ ನಾ ಸಮುದ್ರದಾಗ ಮುಳುಗಿ ನೋಡಾಕ ಹೋಗ್ತೀನಿ ಅಂದೆ. ನಗೋರು ನಗಲಿ, ನಾ ಮಾತ್ರ ಎಲ್ಲಾ ಹೇಳಾಕಿನ.

೧. ಹೆಣ್ಮಕ್ಕಳಿಗೆ ಫ್ರೀ ಐತೇನು?

ಸೀಟಿ ಊದಿ ಊದಿ ನನ್ನ ಮುಂದಿನ ಹಲ್ಲು ಸಡ್ಲ ಆಗ್ಯಾವ. ಅದಕ್ಕ ಈಗ ಸೀಟಿ ಬಿಟ್ಟು ಉಂಗುರ ಹಿಡದೀನಿ. ಬಲಗೈಯಾಗ ಪಂಚಲೋಹದ ದಪ್ಪನ ಉಂಗುರ. ಬಾಗಿಲ ಕಂಬಿಗೆ ಒಮ್ಮೆ ಟಣ್ ಅಂದ್ರ ನಿಲ್ಲು, ಎರಡು ಸಲ ಟಣ್ ಟಣ್ ಅಂದ್ರ ನಡಿ. ನಮ್ಮ ಡ್ರೈವರ್ ಚಾಚಾ ಹಿಂದಕ ತಿರುಗಿ ಸುದ್ದಾ ನೋಡಂಗಿಲ್ಲ, ಆ ಸಪ್ಪಳದ ಮ್ಯಾಲೇ ಗಾಡಿ ಹೊಡಿತಾನ.

ಒಂದಿನ ಫೋನಿನ್ಯಾಗ ವಿಡಿಯೋ ನೋಡಿದೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು, ಬಾಯಾಗ ಪೈಪ್ ಕಚಗೊಂಡು, ಒಬ್ಬಾಕಿ ಸಮುದ್ರದ ತಳದಾಗ ಮೀನಿನ ಜೋಡಿ ಅಡ್ಡಾಡಾಕತ್ತಿದ್ಳು. ಸ್ಕೂಬಾ ಅಂತಾರಂತ ಅದಕ್ಕ. ಮುರ್ಡೇಶ್ವರದಾಗ ಮಾಡಿಸ್ತಾರ, ನಸೀಬ ಇದ್ರ ಡಾಲ್ಫಿನ್ನೂ ಕಾಣ್ತಾವ ಅಂದ್ರು. ದಿನಾ ಧೂಳು ಕುಡಿಯೋ ಜೀವ ನಂದು. ಒಮ್ಮೆ ಆ ನೀಲಿ ನೀರಾಗ ಇಳೀಬೇಕು ಅಂತ ಹೊಟ್ಟ್ಯಾಗಿಂದ ಆಸೆ ಬಂತು.

ಚಾಚಾನ ಮುಂದ ಹೇಳಿದ್ದು ಇಡೀ ಬಸ್ಸಿಗೆ ಕೇಳ್ತು. ಮುಂದಿನ ಸೀಟಿನ್ಯಾಗ ನಮ್ಮ ಕನ್ನಡ ಮಾಸ್ತರ್ರು ಇದ್ರು. ದಿನಾ ಮಸ್ಕಿಯಾಗ ಹತ್ತಿ ಲಿಂಗಸುಗೂರಿನ ಸಾಲಿಗೆ ಹೋಗ್ತಾರ. ಬಸ್ ನಿಲ್ಲೋದ ತಡ, ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡಿತಾರ. ಆ ಸೀಟಿನ ಮ್ಯಾಲೆ ‘ಮಹಿಳೆಯರಿಗೆ’ ಅಂತ ದೊಡ್ಡದಾಗಿ ಬರದೈತಿ, ಅದರ ಬುಡಕ ದಿನಾ ಇವರ ಬೋಳತಲಿ ಇರತೈತಿ. ಎಬ್ಬಸಾಕ ಹೋದ್ರ ವ್ಯಾಕರಣ ತಗೀತಾರ: “ಬರೇ ‘ಮಹಿಳೆಯರಿಗೆ’ ಅಂತ ಐತಿ. ಮಹಿಳೆಯರಿಗೆ ಏನು? ವಾಕ್ಯ ಪೂರ್ತಿ ಇಲ್ಲ. ಪೂರ್ತಿ ಆದಮ್ಯಾಲೆ ಏಳ್ತೀನಿ.”

ಅವತ್ತು ನನ್ನ ಮಾತು ಕೇಳಿ ಹೊಟ್ಟಿ ಹಿಡಕೊಂಡು ನಕ್ಕರು. “ನಿನ್ನ ವಯಸ್ಸೇನು, ಗಾತ್ರ ಏನು? ನಿನ್ನ ಬೋಟಿನ್ಯಾಗ ಸುದ್ದಾ ಹತ್ತಿಸ್ಕೊಳ್ಳಂಗಿಲ್ಲ. ನೀ ಸಮುದ್ರದಾಗ ಇಳದು ಬಾ, ಈ ಸೀಟ್ ಜನ್ಮಕ್ಕ ಬಿಟ್ಟಕೊಡ್ತೀನಿ.”

“ಇಳೀಲಿಲ್ಲಂದ್ರ?” ಅಂದೆ.

“ಇಳೀಲಿಲ್ಲಂದ್ರ, ದಿನಾ ನೀನ ಟವೆಲ್ ಹಾಕಿ ನನಗ ಸೀಟ್ ಹಿಡದು ಇಡಬೇಕು.”

“ಆತು ನಡೀರಿ. ಇಡೀ ಬಸ್ಸು ಸಾಕ್ಷಿ.”

ಕೂಸು ಕಂಕುಳಾಗ ಹಿಡಕೊಂಡು ನಿಂತಾಕಿ, ಬುಟ್ಟಿ ಹೊತ್ತು ನಿಂತಾಕಿ, ಎಲ್ಲಾ ಹೆಣ್ಮಕ್ಕಳು ನನ್ನ ಮಾರಿ ನೋಡಿದ್ರು. ನಾ ಸೋತ್ರ ಇವರು ಕಡೀತನಕ ನಿಂತ ಹೋಗಬೇಕು ಅನ್ನೋದು ನನಗ ಆವಾಗ ತಿಳೀತು. ಮೊಣಕಾಲು ನೋವಿನ ಪಾಮನಕಲ್ಲೂರು ಆಯಿ ಒಬ್ಬಾಕಿ ಕಂಬಿ ಹಿಡಕೊಂಡು ನನ್ನ ಹತ್ರ ಸರದು ಕಿವ್ಯಾಗ ಕೇಳಿದ್ಳು: “ಯವ್ವಾ, ಸಮುದ್ರದ ಒಳಗೂ ಹೆಣ್ಮಕ್ಕಳಿಗೆ ಫ್ರೀ ಐತೇನು? ಇದ್ರ ನಾನೂ ಬರ್ತೀನಿ, ಆಧಾರ್ ಕಾರ್ಡ್ ಸೆರಗಿನ್ಯಾಗ ಐತಿ!”

೨. ಡ್ರಮ್ಮಿನ್ಯಾಗ ಏನು ಬಿತ್ತು?

ನೀರಾಗ ಮಾರಿ ಮುಳಗಿಸಿ ರೂಢಿ ಮಾಡ್ಕೊಬೇಕಲ್ರಿ? ನಮ್ಮೂರಾಗ ಸಮುದ್ರ ಎಲ್ಲಿಂದ ತರೋದು! ಹಿತ್ತಲದಾಗ ನಳದ ನೀರು ತುಂಬೋ ಡ್ರಮ್ ಇತ್ತು. ಸೊಂಟಕ್ಕ ಸೆರಗ ಸಿಗಿಸಿ, ಬಗ್ಗಿ ತಲಿ ಒಳಗ ಹಾಕಿದೆ. ಕಾಲು ಜಾರಿತು. ಅರ್ಧಾ ನಾ ಒಳಗ, ಅರ್ಧಾ ಹೊರಗ.

ನಮ್ಮ ಮನಿಯವರು ಓಡಿ ಬಂದು ಕಾಲು ಹಿಡದು ಜಗ್ಗಿದ್ರು. ಬಾಜು ಮನಿಯಾಕಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, “ಏನು ಬಿತ್ತಬೇ ಒಳಗ? ಚಂಬು ಏನು?” ಅಂದ್ಳು.

ನಾ ನೀರು ಉಗುಳಿ ಹೇಳಿದೆ: “ಚಂಬು ಅಲ್ಲ, ನಾನ ಬಿದ್ದೀನಿ!”

೩. ಟಿಕೆಟ್ ತಗೊಂಡಾಕಿ

ರಜಾ ಸಿಕ್ತು, ಮನಿಯವರನ್ನೂ ಎಳಕೊಂಡು ಮುರ್ಡೇಶ್ವರಕ್ಕ ಹೋದೆ. ನೀರಾಗ ಕರಕೊಂಡು ಹೋಗೋ ಗುರು ಕಡಲ ಕಡೀ ಹುಡುಗ, ಭಾಳ ಮೆತ್ತಗ ಮಾತಾಡ್ತಿದ್ದ. ನನ್ನ ಮ್ಯಾಲಿಂದ ಕೆಳಗ ನೋಡಿ, “ಅಮ್ಮ, ನೀವು ಬೋಟಲ್ಲೇ ಕೂತ್ಕೊಳ್ಳಿ ಆಯ್ತಾ? ಮೇಲಿಂದಲೇ ಮೀನು ಕಾಣ್ತದೆ” ಅಂದ.

ನನ್ನ ಪಿತ್ತ ನೆತ್ತಿಗೇರ್ತು. “ತಮ್ಮಾ, ಡಾಕ್ಟರ್ ಚೀಟಿ ತಂದೀನಿ, ಟಿಕೆಟ್ ತಗೊಂಡೀನಿ. ಟಿಕೆಟ್ ತಗೊಂಡವರನ್ನ ನಡುದಾರ್ಯಾಗ ಕುಂದ್ರಿಸೋ ಕಾನೂನು ಯಾವ ಡಿಪೋದಾಗೂ ಇಲ್ಲ. ನಾನೂ ಕಂಡಕ್ಟರ್ ಅದೀನಿ!”

ಹುಡುಗ ಚೀಟಿ ಓದಿ ನೋಡಿ, “ಆಯ್ತಮ್ಮ” ಅಂದ. ಇಬ್ಬರು ಹೆಣ್ಮಕ್ಕಳು ಕೂಡಿ ನನಗ ರಬ್ಬರ್ ಅಂಗಿ ತೊಡಿಸಿದ್ರು. ದಿಂಬಿನ ಗಲೀಬಿನ್ಯಾಗ ಗಾದಿ ತುರಕಿದಂಗಾತು. ಒಡವಿ ತಗೀರಿ ಅಂದ್ರು, ಎಲ್ಲಾ ತಗದೆ. ಉಂಗುರ ಮಾತ್ರ ಬೆರಳಿಗೆ ಕಚ್ಚಿ ಕುಂತಿತ್ತು, ಸಾಬೂನು ಹಚ್ಚಿದ್ರೂ ಬರಲಿಲ್ಲ. ಹೋಗಲಿ ಬಿಡಿ ಅಂದ ಹುಡುಗ.

ನಮ್ಮ ಮನಿಯವರು ಅಷ್ಟೊತ್ತಿಗೆ ಬೋಟಿನ ಕಟ್ಟಿ ಹಿಡಕೊಂಡು ಮುಂಜಾನಿ ತಿಂದ ಇಡ್ಲಿ ಎಲ್ಲಾ ಸಮುದ್ರಕ್ಕ ಕೊಟ್ಟಿದ್ರು. “ಸರ್, ನೀವು ಇಳಿಯೋದಿಲ್ವಾ?” ಅಂತ ಹುಡುಗ ಕೇಳಿದ.

ಅವರು ಬಾಯಿ ಒರಸ್ಕೊಂಡು ಅಂದ್ರು: “ನಾ ಚಪ್ಪಲ್ ಕಾಯಾಕ ಬಂದೀನಪಾ.”

೪. ಹೆಬ್ಬೆರಳು

ನೀರಾಗ ಮಾತಾಡಾಕ ಬರಂಗಿಲ್ಲ, ಕೈಸನ್ನಿ ಅಷ್ಟ. ನನ್ನಂಥಾ ಬಾಯಿಬಡಕಿಗೆ ಅದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ. ಹೆಬ್ಬೆರಳು ಎತ್ತಿದ್ರ ‘ಮ್ಯಾಲೆ ಹೋಗೂಣು’ ಅಂತ ಹುಡುಗ ಕಲಿಸಿದ್ದ. ಕೇಳಿದ್ದೆ, ಮರ್ತಿದ್ದೆ.

ಇಳದೆ. ಖರೇ ಹೇಳ್ತೀನಿ, ಮೊದಲು ಭಾಳ ಅಂಜಿಕಿ ಬಂತು. ಆಮ್ಯಾಲೆ ಒಂದು ಕಡಲಾಮೆ ನನ್ನ ಮಾರಿ ಮುಂದಿಂದ ಸಾವಕಾಶ ಹೋತು. ಅಂಜಿಕಿ ಎಲ್ಲಾ ಇಳದು ಹೋತು. ಭಾಳ ಛೊಲೋ ಐತಿ ಅಂತ ಹುಡುಗಗ ಹೆಬ್ಬೆರಳು ಎತ್ತಿ ತೋರಿಸಿದೆ. ಅವ ದಬಕ್ಕನ ನನ್ನ ಹಿಡಕೊಂಡು ಮ್ಯಾಲೆ ತಂದ.

“ಏನಾಯ್ತಮ್ಮ?”

“ಏನಾತು ಅಂತ ನೀನ ಹೇಳು! ಮಸ್ತ್ ಐತಿ ಅಂದ್ರ ಎಳಕೊಂಡು ಬರೋದೇನು?”

ಮತ್ತ ಇಳದ್ವಿ. ಅರಿಷಿಣ ಬಣ್ಣದ ಮೀನಿನ ಹಿಂಡು ಬಂತು. ನನ್ನ ಹೆಬ್ಬೆರಳು ತಾನ ಎದ್ದು ನಿಂತಿತು. ಮತ್ತ ಮ್ಯಾಲೆ! ಆಮ್ಯಾಲೆ ಆ ಹುಡುಗ ನನ್ನ ಹೆಬ್ಬೆರಳನ್ನ ತನ್ನ ಮುಷ್ಟ್ಯಾಗ ಹಿಡಕೊಂಡ ಇಳದ.

ಬೋಟಿನ ಮ್ಯಾಲಿಂದ ನೋಡಾಕತ್ತಿದ್ದ ನಮ್ಮ ಮನಿಯವರು ತಲಿ ಅಲ್ಲಾಡಿಸಿ ಅಂದ್ರಂತ: “ಲಗ್ನದಾಗ ನಾ ಕಿರಿಬೆರಳು ಹಿಡದು ತಪ್ಪು ಮಾಡಿದೆ. ಹೆಬ್ಬೆರಳು ಹಿಡದಿದ್ರ ನನ್ನ ಮಾತೂ ಕೇಳ್ತಿದ್ಳೇನೋ!”

೫. ಸೀಟಿ

ಇನ್ನೇನು ಮ್ಯಾಲೆ ಹೋಗಬೇಕು ಅನ್ನೋದ್ರಾಗ ನೀರಿನ ಒಳಗ ಯಾರೋ ಸೀಟಿ ಹೊಡದಂಗ ಕೇಳ್ತು. ಸಣ್ಣಗ, ಚೂಪಗ. ಕಂಡಕ್ಟರ್ ಜೀವ ರೀ ನಂದು, ಸೀಟಿ ಕೇಳಿದ್ರ ಗಾಡಿ ನಿಲ್ಲಬೇಕು! ಕೈ ತಾನ ಹೋಗಿ ಹುಡುಗನ ಬೆನ್ನಿನ ಸಿಲಿಂಡರಿಗೆ ಉಂಗುರದಿಂದ ಒಂದು ಹೊಡೀತು. ಟಣ್. ಅವ ನಿಂತ.

ನೀಲಿ ಒಳಗಿಂದ ಎರಡು ಡಾಲ್ಫಿನ್ ಬಂದ್ವು, ನಡುವ ಒಂದು ಮರಿ. ಸೀಟಿ ಅವುಗಳದ್ದ! ತಾಯಿ ಡಾಲ್ಫಿನ್ ವಾರಿಗಣ್ಣಿಲೆ ನನ್ನ ನೋಡಿತು, ಮರಿ ನನ್ನ ಸುತ್ತ ಒಂದು ಸುತ್ತು ಹೊಡೀತು. ನಾ ಅತ್ತೆ ನೋಡ್ರಿ. ಯಾಕ ಅಂತ ಕೇಳಬ್ಯಾಡ್ರಿ. ಯಾರು ಯಾರು ನನಗ ‘ನಿನ್ನಿಂದ ಆಗಂಗಿಲ್ಲ’ ಅಂದಿದ್ರೋ ಅವರೆಲ್ಲಾ ನೆನಪಾದ್ರು. ಬಾಯಾಗ ಪೈಪ್, ಏನರ ಹೇಳಬೇಕು ಅಂದ್ರ ಹೆಂಗ ಹೇಳೋದು? ಅದ ಸಿಲಿಂಡರಿಗೆ ಎರಡು ಸಲ ಬಡದೆ. ಟಣ್ ಟಣ್. ಮೂರೂ ಬಾಲಾ ಬೀಸಿ ಹೊಂಟ ಹೋದ್ವು.

ಮ್ಯಾಲೆ ಬಂದಮ್ಯಾಲೆ ಹುಡುಗ ಖುಷಿಯಿಂದ, “ಇಷ್ಟು ಹತ್ತಿರ ಬರೋದು ಭಾರಿ ಅಪರೂಪ ಮಾರಾಯ್ರೆ, ನನ್ನ ಕ್ಯಾಮೆರಾದಲ್ಲಿ ಎಲ್ಲಾ ವಿಡಿಯೋ ಆಗಿದೆ, ನಿಮ್ಮ ಫೋನಿಗೆ ಹಾಕಿ ಕೊಡ್ತೇನೆ. ಆದ್ರೆ ಕಡೆಗೆ ಎರಡು ಸಲ ಯಾಕೆ ಹೊಡೆದ್ರಿ?” ಅಂದ.

“ಅವುಗಳ ಟೈಮ್ ಆಗಿತ್ತಪಾ, ಬಿಟ್ಟೆ” ಅಂದೆ.

೬. ವಾಕ್ಯ ಪೂರ್ತಿ

ರಜಾ ಮುಗಿಸಿ ಡ್ಯೂಟಿಗೆ ಬಂದೆ. ಮಸ್ಕಿ ಬಸ್‌ಸ್ಟ್ಯಾಂಡಿನ್ಯಾಗ ಬಸ್ ನಿಂತಿತ್ತು. ಚಾಚಾ ಎಂಜಿನ್ ಚಾಲೂ ಇಟಗೊಂಡು ನನ್ನ ಸಪ್ಪಳಕ್ಕ ಕಾಯಾಕತ್ತಿದ್ದ. ಮಾಸ್ತರ್ರು ತಮ್ಮ ಸೀಟಿನ್ಯಾಗ, ಟವೆಲ್ ಹೆಗಲ ಮ್ಯಾಲೆ. ನಾ ಫೋನ್ ತಗದು ವಿಡಿಯೋ ಹಚ್ಚಿದೆ. ಹೆಣ್ಮಕ್ಕಳೆಲ್ಲಾ ನನ್ನ ಸುತ್ತ ಮುಕರಿದ್ರು.

ಮಾಸ್ತರ್ರು ಕುಂತಲ್ಲಿಂದ ಹಣಿಕಿ ಹಾಕಿದ್ರು. “ಇದರಾಗ ಮಾರಿ ಎಲ್ಲೈತಿ? ಬರೇ ಕನ್ನಡಕ, ಪೈಪು, ಕರೇ ಅಂಗಿ. ಇದು ನೀನ ಅಂತ ಏನು ಗ್ಯಾರಂಟಿ? ಮತ್ತ ಇದು ಡಾಲ್ಫಿನ್ನೇನು? ನಮ್ಮ ಕಾಲುವ್ಯಾಗ ಬಿದ್ದ ಎಮ್ಮಿ ಐತಿ! ನಾಳಿಗಿಂದ ಟವೆಲ್ ನೀನ ಹಾಕು.”

ನನಗ ಮೈಯೆಲ್ಲಾ ಉರೀತು. ಅಷ್ಟು ದೂರ ಹೋಗಿ, ಅಷ್ಟು ಅಂಜಿ, ಅಷ್ಟು ಆಳ ಇಳದು ಬಂದ್ರೂ ನನ್ನ ಮಾರಿಗೆ ಗ್ಯಾರಂಟಿ ಇಲ್ಲೇನು? ಹೆಣ್ಮಕ್ಕಳ ಮಾರಿ ಸಣ್ಣವಾದ್ವು. ಆಯಿ ಮತ್ತ ಕಂಬಿಗೆ ಜೋತುಬಿದ್ದಳು.

“ಇನ್ನೂ ಮುಗದಿಲ್ಲ ಮಾಸ್ತರ್ರ. ಎದ್ದು ಬಂದು ಹತ್ರದಾಗ ನೋಡ್ರಿ” ಅಂತ ಸೌಂಡ್ ಪೂರ್ತಿ ಏರಿಸಿದೆ.

ಎಮ್ಮಿ ಸಾಬೀತು ಮಾಡಾಕ ಮಾಸ್ತರ್ರು ಸೀಟ್ ಬಿಟ್ಟು ಎದ್ದು ಬಂದು ಫೋನಿಗೆ ಮೂಗು ಹಚ್ಚಿದ್ರು. ಅಷ್ಟರಾಗ ವಿಡಿಯೋದಾಗ ಡಾಲ್ಫಿನ್ ಮರಿ ಸುತ್ತು ಹೊಡೀತು, ಆಮ್ಯಾಲೆ ಜೋರಾಗಿ ಕೇಳ್ತು: ಟಣ್ ಟಣ್.

ಚಾಚಾ ಗೇರ್ ಹಾಕಿ ಗಾಡಿ ಹೊಡದ ಬಿಟ್ಟ!

ಮಾಸ್ತರ್ರು ಹಿಂದಿಂದ ಹಿಂದ ಓಡಿ, ಜೋಳದ ಚೀಲದ ಮ್ಯಾಲೆ ಕುಂತರು. “ಏ ಚಾಚಾ! ರೈಟ್ ಅಂತ ಯಾರು ಹೇಳಿದ್ರು?”

ಚಾಚಾ ತಿರುಗಿ ನೋಡಲಿಲ್ಲ. “ಅರೇ, ನಮ್ಮ ಬೆಹನ್ ಹೊಡದ್ಳಲ್ಲ ಮಾಸ್ತರ್ ಸಾಬ್! ಇಷ್ಟು ವರ್ಷ ಆ ಕೈ ಮ್ಯಾಲೆ ಗಾಡಿ ಹೊಡದೀನಿ, ನನಗ ಗುರುತು ಸಿಗಂಗಿಲ್ಲೇನು?”

“ಮಾಸ್ತರ್ರ, ಗ್ಯಾರಂಟಿ ಸಿಕ್ತು!” ಅಂತ ಇಡೀ ಬಸ್ಸು ಕೇಕಿ ಹೊಡೀತು.

ಮಾಸ್ತರ್ರು ಧೂಳು ಝಾಡಿಸ್ಕೊಂತ ಎದ್ದು ಸೀಟಿನ ಕಡೀ ಬಂದ್ರು. ಅಲ್ಲಿ ಪಾಮನಕಲ್ಲೂರು ಆಯಿ ಕಾಲು ಚಾಚಿ ಕುಂತು, ಅವರ ಬಿದ್ದ ಟವೆಲಿನಿಂದ ಗಾಳಿ ಹಾಕ್ಕೊಳಾಕತ್ತಿದ್ಳು. ತಲಿ ಮ್ಯಾಲಿನ ಅಕ್ಷರಕ್ಕ ಬೆರಳು ಮಾಡಿ ಆಯಿ ಅಂದ್ಳು:

“ಮಹಿಳೆಯರಿಗೆ ಸೀಟ್ ಸಿಕ್ತು. ವಾಕ್ಯ ಪೂರ್ತಿ ಆತೇನ್ರಿ ಮಾಸ್ತರ್ರ?”