ಅಳಿಸಲು ಹೊರಟ ಮಾವ

ನಮ್ಮ ಸೋದರಮಾವ ಸತ್ತಾಗ ಇಡೀ ಕೊರಟಗೆರೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಗಾಬರಿಯಾಗಬೇಡಿ, ಸತ್ತದ್ದು ಸಿನಿಮಾದಲ್ಲಿ! ಆದರೂ ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ಮಾವ ನಾಟಕದ ಕಂಪನಿಯಲ್ಲಿ ಹಾಸ್ಯಪಾತ್ರದವರು. ಮಧುಗಿರಿ, ಶಿರಾ, ಪಾವಗಡ, ಕಂಪನಿ ಎಲ್ಲಿ ಬೀಡುಬಿಟ್ಟರೂ ಅವರು ಬಂದು ಎಡಗಿವಿ ಅಲ್ಲಾಡಿಸಿದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು, ಮಾತೇ ಬೇಡ! ಎಪ್ಪತ್ತರ ದಶಕದಲ್ಲಿ ಸಿನಿಮಾದವರು ಆ ಕಿವಿಯನ್ನು ಬೆಂಗಳೂರಿಗೆ ಕರೆಸಿಕೊಂಡರು. ಜೊತೆಗೆ ಮಾವನೂ ಹೋದರು. ಅಡುಗೆಭಟ್ಟ, ಜವಾನ, ಪೋಸ್ಟ್‌ಮ್ಯಾನ್, ಯಾವ ವೇಷವಾದರೇನು, ಪಾತ್ರ ಮಾತ್ರ ಕಿವಿಯದೇ. ಒಮ್ಮೆ ಶಿರಾದಲ್ಲಿ ನೆಂಟರೊಬ್ಬರು ತೀರಿಕೊಂಡಾಗ ಮಾವ ನಿಜವಾಗಿ ಕಣ್ಣೀರು ಹಾಕಿದರು. ಹೆಣದ ಮುಂದೆ ಕೂತಿದ್ದ ಸತ್ತವರ ಹೆಂಡತಿಯೇ ಮಾವನ ಮುಖ ನೋಡಿ ಕಿಸಕ್ಕನೆ ನಕ್ಕುಬಿಟ್ಟರಂತೆ!

ಅವತ್ತು ಮನೆಗೆ ಬಂದವರೇ ನಮ್ಮಮ್ಮನ ಮುಂದೆ ಕೂತು, "ಅಕ್ಕಾ, ಸಾಯೋದ್ರೊಳ್ಗೆ ಒಂದ್ಸಲನಾದ್ರೂ ಜನವ ಅಳುಸ್ಬೇಕು ಕಣಕ್ಕ. ನಾನೇ ಡೈರೆಕ್ಟ್ರು ಆಯ್ತೀನಿ" ಎಂದರು. "ಹುಟ್ದಾಗಿಂದ ನನ್ನ ಅಳ್ಸಿದ್ದು ಸಾಲ್ದೇನೋ" ಎಂದರು ಅಮ್ಮ.

ಸಿದ್ದರಬೆಟ್ಟದ ಬುಡದಲ್ಲಿ ಶೂಟಿಂಗು. ಮಾವನ ಕಟ್ಟಪ್ಪಣೆ, ನಕ್ಕವರಿಗೆ ಮಧ್ಯಾಹ್ನದ ಮುದ್ದೆ ಇಲ್ಲ! ತಾವು 'ಕಟ್' ಅನ್ನುವವರೆಗೆ ಕ್ಯಾಮೆರಾ ನಿಲ್ಲುವಂತಿಲ್ಲ. ಕೊನೇ ದೃಶ್ಯದಲ್ಲಿ ಸಾಯಬೇಕಾದ ಅಪ್ಪನ ಪಾತ್ರಧಾರಿಗೆ ಜ್ವರ ಬಂದು, ಮಾವನೇ ಬಿಳಿ ಗಡ್ಡ ಅಂಟಿಸಿಕೊಂಡು ಹೆಣವಾಗಿ ಮಲಗಿದರು. ಮಗಳು ಗೋಳಾಡುತ್ತಿದ್ದಾಳೆ, ನೊಣವೊಂದು ಆ ಎಡಗಿವಿಯ ಮೇಲೇ ಕೂರಬೇಕೆ! ಕಿವಿ ತನ್ನ ಕಸುಬು ಮಾಡಿತು. ಕ್ಯಾಮೆರಾದವನು ಕಂಡ, ಆದರೆ 'ಕಟ್' ಹೇಳಬೇಕಾದವರೇ ಸತ್ತು ಮಲಗಿದ್ದರೆ ಅವನೇನು ಮಾಡಿಯಾನು? ಆಮೇಲಾದರೂ ಕತ್ತರಿಸಬಹುದಿತ್ತಲ್ಲ ಅನ್ನುತ್ತೀರಿ. ಎಡಿಟಿಂಗಿನಲ್ಲಿ ಆ ದೃಶ್ಯ ಬಂದಾಗಲೆಲ್ಲ ಮಾವ ಕಣ್ಣೊರೆಸಿಕೊಳ್ಳುತ್ತಿದ್ದರಂತೆ, ಕಿವಿ ಕಾಣಲಿಲ್ಲ.

ಕೊರಟಗೆರೆಯ ಟೆಂಟಿನಲ್ಲಿ ಮೊದಲ ಆಟ. ಆಗಷ್ಟೇ ಮೇಷ್ಟರ ಕೆಲಸ ಸಿಕ್ಕಿದ್ದ ನಾನು ಮಾವನ ಪಕ್ಕದಲ್ಲಿ ಕೂತಿದ್ದೆ. ಸಾವಿನ ದೃಶ್ಯ ಬಂತು. ಹೆಂಗಸರ ಕಡೆ ಮೂಗು ಸೀಟುವ ಸದ್ದು. ಅಳುತ್ತಿದ್ದಾರೆ, ನಿಜವಾಗಿ ಅಳುತ್ತಿದ್ದಾರೆ! ಮಾವ ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತ ನನ್ನ ಕೈ ಹಿಡಿದುಕೊಂಡರು. ಆಗ ಕಿವಿ ಅಲ್ಲಾಡಿತು. ಕತ್ತಲಲ್ಲಿ ಯಾರೋ ಫಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಟೆಂಟು ನಕ್ಕಿತು. ಮೂರೇ ದಿನಕ್ಕೆ ಸಿನಿಮಾ ಎತ್ತಂಗಡಿ. ಮಾವ ಮತ್ತೆ ಡೈರೆಕ್ಟರಾಗಲಿಲ್ಲ, ನಟಿಸಲೂ ಇಲ್ಲ.

ಎಂಬತ್ತರ ದಶಕದ ಕೊನೆಗೆ ಮಧುಗಿರಿಯ ಆಸ್ಪತ್ರೆಯಲ್ಲಿ ಮಲಗಿದ್ದ ಮಾವ ನನ್ನ ಕೈ ಹಿಡಿದು ಹೇಳಿದರು:

"ಎಲ್ಲಾ ನಗ್ಲಿ ಬುಡ್ಲಾ. ನೀನೊಬ್ನಾದ್ರೂ ಅತ್ಯಲ್ಲ. ಅವತ್ತು ನಿನ್ ಕೈ ನಡುಗ್ತಿತ್ತು, ನಂಗೆ ಗೊತ್ತಾಯ್ತು."

ನಗು ತಡೆಯಲಾರದೆ ನಡುಗಿದ ಕೈ ಅದು. ಆ ಟೆಂಟಿನಲ್ಲಿ ಮೊದಲು ಫಕ್ಕೆಂದವನು ನಾನೇ. ಹೇಳಿಬಿಡೋಣ ಅಂತ ಬಾಯಿ ತೆರೆದೆ. ಮಾವ ಎಷ್ಟು ಸಂತೋಷವಾಗಿ ನನ್ನ ಮುಖ ನೋಡುತ್ತಿದ್ದರೆಂದರೆ, "ಹೂಂ ಮಾವ" ಅಂದುಬಿಟ್ಟೆ. ಅಷ್ಟು ಹೇಳುವಷ್ಟರಲ್ಲಿ ನನಗೆ ನಿಜವಾಗಿಯೂ ಅಳು ಬಂತು.