ರಾಗಿ ಹೊಲಕ್ಕೆ ಬಿದ್ದ ಬಾಂಬರ್

ಆಂಡರ್ಸನ್‌ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನಿಗೆ ಇಂಥ ಪಾಡು ತಪ್ಪಿದ್ದಲ್ಲ. ಹಳೇ ಫೋಟೋ ತಂದು, ಸತ್ತವರ ಕಣ್ಣು ತೆರೆಸಿಕೊಡು ಅನ್ನುತ್ತಾರೆ. ಹೋದ ವರ್ಷ ಬೆಂಗಳೂರಿನ ಹಿರಿಯರೊಬ್ಬರು ವಿಮಾನವನ್ನೇ ತಂದರು.

ಫೋಟೋದಲ್ಲಿ ಹೊಲಕ್ಕೆ ಬಿದ್ದ ಬಾಂಬರ್, ಅದರ ಮುಂದೆ ಸಾಲಾಗಿ ನಿಂತ ಊರಿನವರು. "ಮಹಾಯುದ್ಧದ ಕಾಲದ್ದು. ಬಂಗಾರಪೇಟೆ ಹತ್ತಿರ ಬಿತ್ತಂತೆ. ನಮ್ಮಪ್ಪ ಓಡಿಸಿದ ವಿಮಾನ ಇದೇನಾ ಅಂತ ತಿಳಿಯಬೇಕು" ಅಂದರು. ಅಪ್ಪನ ಡೈರಿಯಲ್ಲಿ ವಿಮಾನದ ನಂಬರಿತ್ತು. ಫೋಟೋದಲ್ಲಿ ಬಾಲದ ಮೇಲಿನ ನಂಬರ್ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧ ಒಬ್ಬನ ಪೇಟದ ಹಿಂದೆ.

೧. ತಜ್ಞರು

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ನಮ್ಮ ಪಕ್ಕದ ಮನೆಯವರನ್ನು ಕರೆದೆ. ಯಂತ್ರ ಬಲ್ಲವರು. ಭೂತಗನ್ನಡಿ ಹಿಡಿದು ಕಾಲು ಗಂಟೆ ನೋಡಿದರು.

"ಬಿದ್ದಿದೆ ಸಾರ್."

"ಅದು ಗೊತ್ತಣ್ಣ. ಯಾವ ವಿಮಾನ?"

"ಮೂವತ್ತು ವರ್ಷ ಭೂಮಿ ಕೆಳಗಿದ್ದವನು ನಾನು. ಮೇಲೆ ಏನೇನು ಹಾರ್ತಿತ್ತೋ ನನಗೇನು ಗೊತ್ತು?"

೨. ಪೇಟದ ತಾತ

ಫೋಟೋದ ಹಿಂದಿದ್ದ ಗುಡ್ಡವನ್ನು ಹಾಲಿನ ವ್ಯಾನಿನ ಡ್ರೈವರ್ ಗುರುತಿಸಿ, ಬಂಗಾರಪೇಟೆ ಆಚೆಯ ಒಂದು ಹಳ್ಳಿ ಅಂದ. ಹಿರಿಯರೂ ನಾನೂ ಹೋದೆವು. ಹಾಲಿನ ಡೇರಿ ಮುಂದೆ ಜನ ಫೋಟೋಗೆ ಮುಗಿಬಿದ್ದರು. ವಿಮಾನ ನೋಡಿದವರು ಒಬ್ಬರೂ ಇಲ್ಲ.

"ಪೇಟ ಸುತ್ತಿರೋನು ನಮ್ಮ ತಾತ ಕಣ್ಲಾ."

"ಮೂಗು ನೋಡ್ಲಾ, ನಮ್ಮ ತಾತ."

ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂತು. "ಯಾರ ತಾತನಾದರೂ ಆಗಲಿ, ನಂಬರ್ ಮುಚ್ಚಿ ನಮ್ಮ ಕೆಲಸ ಕೆಡಿಸಿದ್ದಾನೆ" ಅಂದೆ.

ಇಬ್ಬರೂ ಒಟ್ಟಿಗೆ ಅಂದರು: "ಅಂಗಾದ್ರೆ ಅವ್ರ ತಾತಾನೇ."

೩. ಅಜ್ಜಿ ಕಂಡಿದ್ದು

ಅಷ್ಟರಲ್ಲಿ ತೊಂಬತ್ತರ ಅಜ್ಜಿಯೊಬ್ಬರು "ಬಿದ್ದಾಗ ನಾನು ನೋಡಿವ್ನಿ" ಅಂತ ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿದ್ದ ಕೋಳಿಗೂಡಿನ ಬಾಗಿಲು ಅಲ್ಯೂಮಿನಿಯಂ ತಗಡು. ಮೆತ್ತಿದ್ದ ಹಿಕ್ಕೆ ತೊಳೆದರೆ, ನಂಬರಿನ ಉಳಿದರ್ಧ. ಡೈರಿಯೊಂದಿಗೆ ತಾಳೆಯಾಯಿತು.

ಹಿರಿಯರ ಕಣ್ಣು ತುಂಬಿತು. "ಶತ್ರು ವಿಮಾನಗಳ ಜೊತೆ ಕಾದಾಡಿ ಯಾವುದೋ ಹೊಲಕ್ಕೆ ಇಳಿಸಿದೆ ಅಂತ ಅಪ್ಪ ಪ್ರತಿ ಹಬ್ಬಕ್ಕೂ ಹೇಳೋರು, ಅಜ್ಜಿ."

"ಕಾದಾಟ ನಾ ಕಾಣೆ ಕಣಪ್ಪ. ಆವಯ್ಯ ಇಳ್ದು, ಬಟ್ಟೆ ಕೊಡವ್ಕೊಂಡು ಬಂದು, ಬೆಂಗ್ಳೂರು ಎತ್ತಾಗೆ ಅಂತ ನಮ್ಮವ್ವನ್ನ ಕೇಳ್ದ."

ಹಿರಿಯರು ಗೂಡಿನ ಪಕ್ಕದಲ್ಲೇ ಕುಸಿದು ಕೂತರು. ಅಳುತ್ತಾರೇನೋ ಅಂದುಕೊಂಡೆ. ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಸುಧಾರಿಸಿಕೊಂಡು ಕೇಳಿದರು: "ಅದಕ್ಕೆ ನಿಮ್ಮವ್ವ ಏನಂದ್ರು?"

"ರೈಲಿಗೆ ಓಗೋದಲ್ವೇನಪ್ಪ, ಅದಕ್ಕಾದ್ರೆ ದಾರಿ ಗೊತ್ತಿರ್ತದೆ ಅಂದ್ಲು."