ತೆರಿಗೆ ತಾತ ಕೇಳಿದ ಊರು

"ಶಿವನಂಜು, ಇನ್ಮೇಲೆ ನೀನು ಹೆದರಬೇಕಾಗಿಲ್ಲ ಕಣಯ್ಯ," ಎಂದು ಭಾವ ಹೇಳಿದ ತಕ್ಷಣ ನನಗೆ ಹೆದರಿಕೆ ಶುರುವಾಯಿತು.

ನಮ್ಮ ಭಾವ ಕೆಂಪರಾಜು ಯಂತ್ರಗಳನ್ನು ಕಂಡುಹಿಡಿಯುತ್ತಾರೆ. ಅಕ್ಕ ಜಯಮಾಲ ಮೈಸೂರಿನ ಕನ್ನೇಗೌಡನ ಕೊಪ್ಪಲಿನ ಮನೆಯ ಹಿಂದಿನ ಶೆಡ್ಡಿನಲ್ಲಿ ಹೆಂಗಸರಿಂದ ಊದುಬತ್ತಿ ಹೊಸೆಸಿ ಸಂಸಾರ ನಡೆಸುತ್ತಾಳೆ. ನಾನು ಅಕ್ಕನ ತಮ್ಮ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು. ಊದುಬತ್ತಿ ವ್ಯಾಪಾರದ ಲೆಕ್ಕಪತ್ರ ನನ್ನದು. ಸಹಿ ಹಾಕುವ ಮೊದಲು ಎರಡು ಸಲ ಓದುತ್ತೇನೆ, ಹಾಕಿದ ಮೇಲೆ ನಾಲ್ಕು ಸಲ.

ಅಂದು ಶೆಡ್ಡಿನ ನಡುವೆ ನಿಂತಿದ್ದದ್ದು, ಹಿಂದೆ ರೈಲ್ವೆ ನಿಲ್ದಾಣಗಳಲ್ಲಿ ಕಾಸು ಹಾಕಿದರೆ ತೂಕದ ಚೀಟಿ ಕೊಡುತ್ತಿತ್ತಲ್ಲ, ಆ ಕಬ್ಬಿಣದ ಯಂತ್ರ. ಭಾವ ಅದನ್ನು ಗುಜರಿಯಿಂದ ತಂದು ಅಡಿಗೆ ಗಾಲಿ, ಪಕ್ಕಕ್ಕೆ ಒಂದು ಉದ್ದನೆಯ ಕೈ, ಒಳಗೆ ಬುದ್ಧಿ, ಹೊರಗೆ ಧ್ವನಿ ಎಲ್ಲವನ್ನೂ ಕೂರಿಸಿದ್ದರು. ಹೆಸರು ತೆರಿಗೆ ತಾತ.

"ಹೊರದೇಶದವರಿಗೆ ಕೂಲಿ ಕಳಿಸೋ ಕಾಗದಪತ್ರ ಎಲ್ಲ ಇವನೇ ನೋಡ್ಕೋತಾನೆ," ಎಂದರು ಭಾವ, ತಾತನ ಬೆನ್ನು ತಟ್ಟುತ್ತಾ.

ಹೊರದೇಶದವರು ಎಂದರೆ ತಮಾರ್. ಜಾರ್ಜಿಯಾ ದೇಶದ ಚಿತ್ರಕಲಾವಿದೆ. ಅಕ್ಕ ಮರುಗದ ಪರಿಮಳದ ಹೊಸ ಊದುಬತ್ತಿ ಮಾಡಿದ್ದಳು. ಅದರ ಪೊಟ್ಟಣದ ಚಿತ್ರವನ್ನು ತಮಾರ್ ತನ್ನ ಊರಿನಲ್ಲೇ ಕೂತು ಬರೆದಿದ್ದಳು. ಚಿತ್ರ ಮುಗಿದಿತ್ತು, ಕೂಲಿ ಮಾತ್ರ ಹೋಗಿರಲಿಲ್ಲ. ಕೂಲಿ ಹೋಗಬೇಕಾದರೆ ಆಕೆ ತನ್ನ ದೇಶದ ನಿವಾಸಿ ಎನ್ನುವ ಪ್ರಮಾಣಪತ್ರ ಬೇಕು, ಇಲ್ಲಿ ಆಕೆಗೆ ಕಚೇರಿ ಇಲ್ಲ ಎನ್ನುವ ಘೋಷಣೆ ಬೇಕು, ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಯಾವ ಕಲಮು ಅನ್ವಯಿಸುತ್ತದೆ ಎಂದು ಲೆಕ್ಕಪರಿಶೋಧಕರು ಬರೆದು ಕೊಡಬೇಕು. ಬ್ಯಾಂಕಿನವರು ಒಂದಿಲ್ಲೊಂದು ಕೊರತೆ ತೋರಿಸಿ ವಾಪಸು ಕಳಿಸುತ್ತಲೇ ಇದ್ದರು. ಕೂಲಿ ಮುಟ್ಟಿದ ಮೇಲೆಯೇ ಚಿತ್ರ ಕಳಿಸುವುದೆಂದು ಮೊದಲೇ ಮಾತಾಗಿತ್ತು. ಆಕೆಯೇನೂ ಗದರಿಸಲಿಲ್ಲ. ಪ್ರತಿ ಸಲವೂ "ಪರವಾಗಿಲ್ಲ, ಕಾಯುತ್ತೇನೆ" ಎಂದೇ ಬರೆಯುತ್ತಿದ್ದಳು. ನನಗೆ ನಿದ್ದೆ ಬಾರದಿರಲು ಅಷ್ಟು ಸಾಕಾಗಿತ್ತು.

ಈಗ ಎಲ್ಲ ಕಾಗದವೂ ಕೂಡಿತ್ತು. ಆವತ್ತು ಮಧ್ಯಾಹ್ನ ಬ್ಯಾಂಕು ಮುಚ್ಚುವುದರೊಳಗೆ ಕೊಡಬೇಕಿತ್ತು. ಸಂಜೆಗೆ ಚಿತ್ರ ಬಾರದಿದ್ದರೆ ಪೊಟ್ಟಣ ಅಚ್ಚು ಹಾಕುವ ಪ್ರೆಸ್ಸಿನವರು ಬೇರೆಯವರ ಲಗ್ನಪತ್ರಿಕೆಯನ್ನು ಯಂತ್ರಕ್ಕೆ ಹತ್ತಿಸಿಬಿಡುತ್ತಾರೆ. ಆಗ ದಸರಾ ವಸ್ತುಪ್ರದರ್ಶನದಲ್ಲಿ ಅಕ್ಕನ ಮರುಗದ ಬತ್ತಿ ಹೆಸರಿಲ್ಲದ ಬಿಳಿ ಪೊಟ್ಟಣದಲ್ಲಿ ಕೂರಬೇಕು. ಮಳಿಗೆಗೆಂದು ಅಕ್ಕ ತನ್ನ ಬಳೆ ಅಡವಿಟ್ಟಿದ್ದಳು.

"ಕೊಡು, ತಾತ ಒಂದು ಸಲ ಕಣ್ಣಾಡಿಸಲಿ," ಎಂದು ಭಾವ ನನ್ನ ಕೈಯಿಂದ ಕಡತ ಕಿತ್ತುಕೊಂಡು ತಾತನ ಹೊಟ್ಟೆಯ ಬಾಗಿಲಲ್ಲಿ ತುರುಕಿದರು. ನಾನು ಎಚ್ಚರಿಕೆಗೆಂದು ಎಲ್ಲಕ್ಕೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದೆ. ಭಾವ ಎಚ್ಚರಿಕೆಗೆಂದು ಅವನ್ನೂ ಒಳಗೆ ಹಾಕಿದರು.

ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ತಾತನ ತೂಕದ ಹಲಗೆ ಹತ್ತು ಎಂದು ಭಾವ ನನಗೆ ಸನ್ನೆ ಮಾಡಿದರು. ಹತ್ತಿದೆ.

"ನಿಮ್ಮ ಊರು ಯಾವುದು?" ಎಂದಿತು ತಾತ. ರೈಲು ತಡವಾಗಿದೆ ಎಂದು ಹೇಳುವ ಧ್ವನಿ.

"ಸಾಲಿಗ್ರಾಮ," ಎಂದೆ.

"ನೀವು ಮೈಸೂರಿನವರಲ್ಲ. ಅನಿವಾಸಿ. ಕಡತ ವಾಪಸು ಕೊಡುವುದು ನಿವಾಸಿಗಳಿಗೆ ಮಾತ್ರ."

ನಾನು ಹುಟ್ಟಿದ್ದು, ಓದಿದ್ದು, ಬೆಳೆದದ್ದು ಎಲ್ಲವೂ ಮೈಸೂರಿನಲ್ಲಿಯೇ. ಆದರೆ ಊರು ಯಾವುದು ಎಂದು ಯಾರು ಕೇಳಿದರೂ ನಮ್ಮಲ್ಲಿ ತಾತ ಮುತ್ತಾತ ಇದ್ದ ಊರಿನ ಹೆಸರನ್ನೇ ಹೇಳುವುದು. ಭಾವ ಈ ಪದ್ಧತಿಯನ್ನು ಯಂತ್ರಕ್ಕೆ ಕಲಿಸಿರಲಿಲ್ಲ. ಕಲಿಸಬೇಕೆಂದು ಅವರಿಗೆ ಹೊಳೆದೂ ಇರಲಿಲ್ಲ, ಏಕೆಂದರೆ ಅವರ ಊರು ಬನ್ನೂರು.

ಕಡ್ಡಿ ಹೊಸೆಯುತ್ತಿದ್ದ ಸಾಕಮ್ಮ ಹತ್ತಿ ತಲಕಾಡು ಎಂದಳು. ಪಕ್ಕದಲ್ಲಿದ್ದವಳು ಹುಲ್ಲಹಳ್ಳಿ ಎಂದಳು. ಹಾಲಿನವನು ಹಾಲು ಅಳೆದು ಕೊಡುವುದನ್ನು ಬಿಟ್ಟು ಬಂದು ಪಿರಿಯಾಪಟ್ಟಣ ಎಂದ. ತಾತ ಸಾಲಾಗಿ ಎಲ್ಲರನ್ನೂ ಹೊರದೇಶದವರ ಪಟ್ಟಿಗೆ ಸೇರಿಸಿತು.

ಅಷ್ಟರಲ್ಲಿ ಅಕ್ಕ ನನಗೆ ಇಡ್ಲಿಯ ತಟ್ಟೆ ತಂದು ಕೊಟ್ಟಳು. ಉದ್ದನೆಯ ಕೈ ನನ್ನ ಭುಜದ ಮೇಲಿಂದ ಬಂದು ಒಂದು ಇಡ್ಲಿಯನ್ನು ಎತ್ತಿಕೊಂಡಿತು.

"ಅನಿವಾಸಿಗೆ ಪಾವತಿ. ಮೂಲದಲ್ಲೇ ತೆರಿಗೆ ಕಡಿತ."

"ಅದು ಪಾವತಿಯಲ್ಲ, ತಿಂಡಿ," ಎಂದಳು ಅಕ್ಕ.

ಭಾವ ತಲೆ ಕೆರೆದುಕೊಂಡರು. ಒಬ್ಬರು ಇನ್ನೊಬ್ಬರಿಗೆ ಏನು ಕೊಟ್ಟರೂ ಪಾವತಿಯೇ ಎಂದು ತಾವೇ ಹೇಳಿಕೊಟ್ಟದ್ದಾಗಿ, ಹಾಗೆ ಮಾಡಿದರೆ ಯಾರೂ ತೆರಿಗೆ ತಪ್ಪಿಸಲಾಗುವುದಿಲ್ಲವೆಂದು ವಿವರಿಸಿದರು. ವಿವರಿಸುತ್ತಿರುವಾಗಲೇ ಅಕ್ಕ ಅವರ ಕೈಗೆ ಕೊಟ್ಟ ಕಾಫಿ ಲೋಟವನ್ನು ತಾತ ಎತ್ತಿ, ತನ್ನ ಪಾಲನ್ನು ಕಾಸು ಹಾಕುವ ಬಾಯಿಯಲ್ಲಿ ಸುರಿದುಕೊಂಡು ಹಿಂದಿರುಗಿಸಿತು. ನಿವಾಸ ಪ್ರಮಾಣಪತ್ರ ಇಲ್ಲವಾದ್ದರಿಂದ ಹೆಚ್ಚಿನ ದರ.

ಆಮೇಲೆ ತಾತ ಹಿಂದೆ ಉದ್ದನೆಯ ವೈರು ಎಳೆದುಕೊಂಡು ಗಾಲಿಯ ಮೇಲೆ ಮನೆಯೊಳಗೆ ಹೊರಟಿತು. ಹೂವಾಡಗಿತ್ತಿ ಅಕ್ಕನಿಗೆ ಕೊಟ್ಟ ಒಂದು ಮಾರು ಹೂವಿನಲ್ಲಿ ಗೇಣುದ್ದ ಹೋಯಿತು. ಭಾವ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಸಾಕಮ್ಮ ಎತ್ತಿ ಅವರಿಗೆ ಕೊಟ್ಟಿದ್ದರಿಂದ ಎಡಗಾಲಿನದು ಹೋಯಿತು. ಪಕ್ಕದ ಮನೆಯವರು ಬಟ್ಟಲಲ್ಲಿ ಹೆಪ್ಪು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಬಟ್ಟಲು ಮಾತ್ರ ಉಳಿಯಿತು.

"ಪ್ಲಗ್ಗು ಕೀಳ್ರೀ," ಎಂದಳು ಅಕ್ಕ.

ಭಾವ ಕಿತ್ತರು. ಕರೆಂಟು ಹೋದರೂ ಕೆಲಸ ನಿಲ್ಲಬಾರದೆಂದು ಒಳಗೆ ಬ್ಯಾಟರಿ ಇಟ್ಟಿದ್ದು ಆಮೇಲೆ ನೆನಪಾಯಿತು. ಸಾಕಮ್ಮ ಒನಕೆ ತಂದು ಹೊಟ್ಟೆಯ ಬಾಗಿಲಿಗೆ ಬಡಿದಳು. ರೈಲ್ವೆಯ ಕಬ್ಬಿಣ, ಒನಕೆಯೇ ಸೀಳಿಹೋಯಿತು.

ನಾನು ಗಡಿಯಾರ ನೋಡಿದೆ. ಬ್ಯಾಂಕು ಮುಚ್ಚಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

"ನಾನು ಹತ್ತಿ ಮೈಸೂರು ಅಂತೀನಿ, ಮುಗೀತು," ಎಂದು ಭಾವ ಹಲಗೆ ಹತ್ತಿದರು. ಹೇಳಿದರು ಕೂಡ. ತಾತನ ಮುಳ್ಳು ಗಡಗಡ ನಡುಗಿತು.

"ಎದೆ ಹಾರಿದೆ. ತೂಕ ಅಲುಗಿದೆ. ಸುಳ್ಳು. ದಂಡ." ಉಳಿದಿದ್ದ ಬಲಗಾಲಿನ ಚಪ್ಪಲಿಯೂ ಹೋಯಿತು. ಭಾವ ಬನ್ನೂರು ಎಂದು ಒಪ್ಪಿಕೊಂಡು ಇಳಿದರು.

ಸುಳ್ಳು ಹಿಡಿಯುವ ವಿದ್ಯೆಯನ್ನೂ ಕಲಿಸಿದ್ದೀರಾ ಎಂದು ಅಕ್ಕ ಕೇಳಿದಳು. ಭಾವ ಸ್ವಲ್ಪ ಹೆಮ್ಮೆಯಿಂದಲೇ ಹೌದು ಎಂದರು. ನೀನಾದರೂ ಹತ್ತು ಎಂದು ಅವಳನ್ನು ಬೇಡಿಕೊಂಡರು.

"ಬಳೆ ಹೋದ್ರೂ ಹೋಗ್ಲಿ, ತವರು ಬಿಟ್ಟು ಬೇರೆ ಹೆಸರು ಬಾಯಿಗೆ ಬರಲ್ಲ ಕಣ್ರೀ," ಎಂದಳು ಅಕ್ಕ. ಆದರೂ ಹತ್ತಿದಳು, ಬಾಯಿ ತೆರೆದಳು, ಬಂದದ್ದು ಸಾಲಿಗ್ರಾಮವೇ.

"ಪತಿ ಬನ್ನೂರು, ಪತ್ನಿ ಸಾಲಿಗ್ರಾಮ," ಎಂದಿತು ತಾತ. "ಎರಡರ ನಡುವೆ ಒಪ್ಪಂದವಿದೆಯೇ?"

"ಒಪ್ಪಂದ ಇದ್ದಿದ್ರೆ ಇಷ್ಟು ವರ್ಷ ಜಗಳ ಯಾಕಾಡ್ತಿದ್ವಿ?"

ಮುಳ್ಳು ಸ್ವಲ್ಪವೂ ಅಲುಗಲಿಲ್ಲ. ಆ ದಿನ ತಾತ ನಮ್ಮ ಮನೆಯವರ ಬಾಯಲ್ಲಿ ಕೇಳಿದ ಅತ್ಯಂತ ಖಚಿತವಾದ ಮಾತು ಅದೇ ಇರಬೇಕು.

ಇನ್ನು ನನಗೆ ಉಳಿದದ್ದು ತಮಾರ್‌ಗೆ ಫೋನು ಮಾಡಿ ಕ್ಷಮೆ ಕೇಳುವುದು. ಅವಳ ಮಾತನ್ನು ಕನ್ನಡಕ್ಕೆ, ನನ್ನ ಮಾತನ್ನು ಅವಳ ಭಾಷೆಗೆ ತಿರುಗಿಸುವ ಏರ್ಪಾಡು ಫೋನಿನಲ್ಲೇ ಇತ್ತು. ಅವಳ ಮುಖ ಪರದೆಯ ಮೇಲೆ ಬಂತು. ಬೆರಳಿಗೆಲ್ಲ ಬಣ್ಣ. ಕ್ಷಮೆ ಕೇಳುವಾಗ ಕೈ ಮುಗಿಯದೆ ನನಗೆ ಮಾತು ಬಾರದು. ಫೋನನ್ನು ಕೆಳಗಿಡಲು ಸಿಕ್ಕ ಜಾಗವೆಂದರೆ ತಾತನ ಹಲಗೆ.

ನಾನು ಬಾಯಿ ತೆರೆಯುವ ಮೊದಲೇ ತಾತ ಕೇಳಿತು. "ನಿಮ್ಮ ಊರು ಯಾವುದು?"

ತಮಾರ್ ನಕ್ಕಳು. ಮಾತು ಕನ್ನಡವಾಗಿ ಬರಲು ಒಂದು ಗಳಿಗೆ ಹಿಡಿಯಿತು.

"ನಮ್ಮ ದೇಶದಲ್ಲೂ ಎಲ್ಲರೂ ನನ್ನನ್ನು ಅದನ್ನೇ ಕೇಳುತ್ತಾರೆ. ಜಯಮಾಲ ದಿನಾ ಬೆಳಗ್ಗೆ ಫೋನು ಹಿಡಿದು ನನ್ನನ್ನು ಹೂವಿನ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಾರೆ. ಮರುಗದ ರಾಶಿಯ ಮೇಲೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಬೆಕ್ಕು ಯಾರ ಬುಟ್ಟಿಯಲ್ಲಿ ಮಲಗುತ್ತದೆ, ನನಗೆ ಗೊತ್ತು. ನನ್ನ ಬೀದಿಯ ಅಂಗಡಿಯವನ ಹೆಸರು ಗೊತ್ತಿಲ್ಲ. ಈಗ ಕೇಳಿದರೆ ಮೈಸೂರು ಎಂದೇ ಹೇಳುತ್ತೇನೆ."

ನಾವೆಲ್ಲ ಮುಳ್ಳಿನ ಕಡೆ ನೋಡಿದೆವು. ಅದು ನೆಟ್ಟಗೆ ನಿಂತಿತ್ತು.

"ನಿವಾಸಿ," ಎಂದಿತು ತಾತ. ಹೊಟ್ಟೆಯ ಬಾಗಿಲು ತೆರೆದುಕೊಂಡಿತು.

ನಾನು ಕಡತ ಎಳೆದುಕೊಂಡು ಓಡಿದೆ. ಆಟೋ ಕಾಯದೆ ಓಡಿದೆ. ದಾರಿಯಲ್ಲೆಲ್ಲ ಒಂದೇ ಯೋಚನೆ: ಆಕೆ ಜಾರ್ಜಿಯಾದ ನಿವಾಸಿ ಎಂದು ನನ್ನ ಕಾಗದ ಹೇಳುತ್ತದೆ, ಮೈಸೂರಿನವಳು ಎಂದು ಆಕೆಯೇ ಹೇಳಿದ್ದಾಳೆ, ಈಗ ನಾನು ಕೊಡುತ್ತಿರುವುದು ಸುಳ್ಳು ಕಾಗದವೇ? ಕೌಂಟರಿನಲ್ಲಿದ್ದ ಹೆಂಗಸಿನ ಮುಂದೆ ಅದನ್ನೂ ತೋಡಿಕೊಂಡೆ. ಇಡ್ಲಿಯ ಚೂರು ಅಂಟಿದ್ದ ಕಡತವನ್ನು ಆಕೆ ಬೆರಳ ತುದಿಯಲ್ಲಿ ಹಿಡಿದು ಪುಟ ಪುಟವಾಗಿ ನೋಡಿ, ಕಾಗದ ಸರಿಯಾಗಿದೆ, ನೀವು ಮನೆಗೆ ಹೋಗಿ ನೀರು ಕುಡಿಯಿರಿ ಎಂದು ಹೇಳಿ ಮೊಹರು ಒತ್ತಿದಳು.

ಹಣ ಹೊರಟ ರಸೀದಿ ಕಂಡು ತಮಾರ್ ಸಂಜೆಗೆ ಚಿತ್ರ ಕಳಿಸಿದಳು. ಮರುಗದ ರಾಶಿ, ಓರೆ ಬಿಸಿಲು, ಬುಟ್ಟಿಯಲ್ಲಿ ಬೆಕ್ಕು. ಅಕ್ಕ ಅದನ್ನು ಕೂಡಲೇ ಪ್ರೆಸ್ಸಿಗೆ ಕಳಿಸಿದಳು. ಪ್ರೆಸ್ಸಿನವರು ಲಗ್ನಪತ್ರಿಕೆಯನ್ನು ಹಿಂದಕ್ಕೆ ಹಾಕಿದರು. ದಸರಾ ಮುಗಿಯುವ ಹೊತ್ತಿಗೆ ಬಳೆ ಅಕ್ಕನ ಕೈಗೆ ಮರಳಿತ್ತು.

ತಾತ ಈಗ ಶೆಡ್ಡಿನ ಮೂಲೆಯಲ್ಲಿದೆ. ಬ್ಯಾಟರಿ ಮುಗಿಯುವ ಮುನ್ನ ಅದು ಕಡಿತ ಮಾಡಿದ್ದನ್ನೆಲ್ಲ ಹೊರಗೆ ಹಾಕಿತು. ಒಣಗಿದ ಇಡ್ಲಿ, ಗೇಣುದ್ದ ಹೂವು, ಹೆಪ್ಪು ಮೆತ್ತಿದ ಭಾವನ ಚಪ್ಪಲಿ, ಮೇಲೊಂದು ಚೀಟಿ: ಸದರಿ ಮೊತ್ತ ಏಕೈಕ ನಿವಾಸಿ ತಮಾರ್ ಅವರಿಗೆ ಸಲ್ಲತಕ್ಕದ್ದು. ಅವನ್ನು ಕಳಿಸಲು ಯಾವ ಕಾಗದ ಬೇಕೆಂದು ವಿಚಾರಿಸಿ ಬಾ ಎಂದು ಭಾವ ನನಗೆ ಹೇಳಿದರು. ನಾನು ವಿಚಾರಿಸಿದೆ ಕೂಡ.

ಹೀಗೆ ನಮ್ಮ ಮನೆಯವರ ಪೈಕಿ ಮೈಸೂರಿನವಳು ಎಂದು ರುಜುವಾತಾಗಿರುವುದು ಒಬ್ಬಳೇ. ಅವಳು ಇನ್ನೂ ಮೈಸೂರಿಗೆ ಬಂದಿಲ್ಲ.